ಬೂದಿಯೋ ಬೂಜೋ? ಮೊದಲು ಎಲೆ ತಿರುಗಿಸಿ ನೋಡಿ

ಎಲೆ ಮೇಲೆ ಬಿಳಿ ಕಂಡರೆ ಸಾಕು, ‘ಬೂಜು ಬಂತು’ ಅಂತ ಗಂಧಕ ಹೊಡೆಯುವವರನ್ನು ಬಹಳ ನೋಡಿದ್ದೇನೆ. ಗೆಳೆಯರೊಬ್ಬರು ಹೀಗೆ ಮೂರು ವಾರ ಹೊಡೆದರು, ದ್ರಾಕ್ಷಿ ಬಳ್ಳಿಯ ಎಲೆಯೆಲ್ಲ ಉದುರಿತು. ಬೂದಿ ರೋಗ ಬೇರೆ, ಬೂಜು ತುಪ್ಪಟ ರೋಗ ಬೇರೆ. ಇಂಗ್ಲಿಷಿನಲ್ಲಿ ಪೌಡರಿ ಮಿಲ್ಡ್ಯೂ, ಡೌನಿ ಮಿಲ್ಡ್ಯೂ ಅಂತ ಎರಡಕ್ಕೂ ಒಂದೇ ಬಾಲ. ಗೊಂದಲ ಆಗದೆ ಇರುತ್ತದಾ? ಕನ್ನಡದ ಹೆಸರೇ ವಾಸಿ.

1. ಬೆರಳಿನಿಂದ ಒರೆಸಿ. ಬಿಳಿ ಪುಡಿ ಬೆರಳಿಗೆ ಬಂದರೆ ಬಹುಶಃ ಬೂದಿ. ಇದು ನಿಜವಾದ ಶಿಲೀಂಧ್ರ. ಎಲೆಯ ಮೇಲ್ಮೈಯಲ್ಲೇ ಹಬ್ಬುತ್ತದೆ, ಎಲೆ ಒದ್ದೆಯಾಗದಿದ್ದರೂ ಬರುತ್ತದೆ.

2. ಎಲೆ ತಿರುಗಿಸಿ. ಎಲ್ಲರೂ ಎಡವುವುದು ಇಲ್ಲೇ. ತುಪ್ಪಟ ರೋಗದಲ್ಲಿ ಎಲೆಯ ಮೇಲೆ ಕಾಣುವುದು ಹಳದಿ ಮಚ್ಚೆ ಮಾತ್ರ. ದ್ರಾಕ್ಷಿಯಲ್ಲಿ ಅದು ಎಣ್ಣೆ ಬಿದ್ದಂತೆ ಕಾಣುತ್ತದೆ. ಸೌತೆಯಲ್ಲಿ ನರಗಳ ನಡುವೆ ಸಿಕ್ಕಿಕೊಂಡು ಚೌಕ ಚೌಕವಾಗಿರುತ್ತದೆ. ತುಪ್ಪಟ ಇರುವುದು ಅದರ ನೇರ ಕೆಳಗೆ, ಎಲೆಯ ಹಿಂಬದಿಯಲ್ಲಿ. ದ್ರಾಕ್ಷಿಯಲ್ಲಿ ಬಿಳಿ, ಸೌತೆಯಲ್ಲಿ ಬೂದು ಮಿಶ್ರಿತ ನೇರಳೆ. ಮಧ್ಯಾಹ್ನ ಹುಡುಕಬೇಡಿ, ಒಣಗಿ ಮಾಯವಾಗಿರುತ್ತದೆ. ಇಬ್ಬನಿ ಆರುವ ಮುಂಚೆ ನೋಡಿ. ಆಗಲೂ ಕಾಣದಿದ್ದರೆ ಮಚ್ಚೆಯಿರುವ ಎಲೆಯನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ರಾತ್ರಿಯಿಡೀ ಕತ್ತಲಲ್ಲಿಡಿ. ತುಪ್ಪಟ ರೋಗವಾದರೆ ಬೆಳಿಗ್ಗೆ ಸಾಮಾನ್ಯವಾಗಿ ಹಿಂಬದಿ ನವಿರಾಗಿ ಬೂಜು ಎದ್ದಿರುತ್ತದೆ. ಅಂದಹಾಗೆ, ಇದು ಶಿಲೀಂಧ್ರವೇ ಅಲ್ಲ. ಪಾಚಿಯ ದೂರದ ನೆಂಟ, ನೀರಿಲ್ಲದೆ ಹರಡದು.

3. ಬೂದಿಗೆ ನೀರಲ್ಲಿ ಕರಗುವ ಗಂಧಕ. ಬಿಸಿಲು 32 ಡಿಗ್ರಿ ದಾಟಿದ ದಿನ ಬೇಡ, ಎಲೆ ಸುಡುತ್ತದೆ. ಅಡುಗೆ ಸೋಡಾ ಬೂದಿಗೆ ಅಷ್ಟಿಷ್ಟು ನಾಟುತ್ತದೆ, ತುಪ್ಪಟಕ್ಕೆ ಸುಮ್ನೆ ದಂಡ. ‘ಸರ್ವರೋಗಕ್ಕೂ ಒಂದೇ’ ಎಂಬ ಬಾಟಲಿಯನ್ನು ನಾನಂತೂ ಮುಟ್ಟುವುದಿಲ್ಲ.

4. ತುಪ್ಪಟಕ್ಕೆ ಬೋರ್ಡೋ ದ್ರಾವಣ. ಫ್ರಾನ್ಸಿನಲ್ಲಿ ದಾರಿ ಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳದಿರಲಿ ಎಂದು ಬಳಿಯುತ್ತಿದ್ದ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಮಿಶ್ರಣ ಈ ರೋಗವನ್ನೂ ತಡೆದದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೇರೆ ಬೇರೆ ಕರಗಿಸಿ, ಆಮೇಲೆ ಬೆರೆಸಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ. ಅದಕ್ಕೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಸೌತೆಯ ಎಲೆ ಇದಕ್ಕೂ ಸುಡಬಹುದು, ಮೊದಲು ಒಂದೆರಡು ಎಲೆಗೆ ಹೊಡೆದು ಕಾಯಿರಿ. ಮಾಡಿದ ದಿನವೇ ಮುಗಿಸಿ, ಮಾರನೇ ದಿನಕ್ಕೆ ಎಲೆಗೆ ಸರಿಯಾಗಿ ಅಂಟುವುದಿಲ್ಲ.