ತೊಡೆಯ ಮೇಲೆ ಹಿಡಿಸುವಷ್ಟೇ ಬ್ಯಾಗು

ತುಂಬಿದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಲಾಗದ ಬ್ಯಾಗು ದುಬಾರಿ ಬ್ಯಾಗು, ಅದನ್ನು ಎಷ್ಟೇ ಅಗ್ಗಕ್ಕೆ ಕೊಂಡಿರಲಿ. ಭಾರ ಇದ್ದರೆ ನಿಲ್ದಾಣದಿಂದ ಲಾಡ್ಜಿಗೆ ಆಟೊ ಬೇಕು. ಊರು ನೋಡುವ ಮೊದಲೇ ರೂಮು ಹುಡುಕಬೇಕು. ಬೆನ್ನು ನೋಯುವಾಗ ನಾಲ್ಕು ಲಾಡ್ಜ್ ಹತ್ತಿ ಇಳಿಯುವ ಉತ್ಸಾಹ ಯಾರಿಗಿರುತ್ತದೆ? ಮೊದಲನೆಯವನು ಹೇಳಿದ ಬಾಡಿಗೆಗೇ ತಲೆ ಆಡಿಸುತ್ತೇವೆ. ಕಡಿಮೆ ಖರ್ಚಿನ ತಿರುಗಾಟ ಎಂದಾಗ ಎಲ್ಲರೂ ಟಿಕೆಟ್ ದರದ ಲೆಕ್ಕ ಹಾಕುತ್ತಾರೆ. ನಾನು ಮೊದಲು ಬ್ಯಾಗನ್ನು ತೂಕಕ್ಕಿಡುತ್ತೇನೆ. 30 ಲೀಟರಿನ ಬ್ಯಾಗು, ನೀರು ಬಿಟ್ಟು ಐದು ಕೆ.ಜಿ. ಅದಕ್ಕಿಂತ ಹೆಚ್ಚಾದರೆ ಏನಾದರೊಂದು ಮನೆಯಲ್ಲೇ ಉಳಿಯುತ್ತದೆ.

ನಾನು ತುಮಕೂರಿನವಳು, ಕಚೇರಿ ಕೆಲಸದವಳು. ರಜೆ ಹೊಂದಿಸಿಕೊಂಡು ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಕಡೆ ಹೋಗುವುದು ರೂಢಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಇಳಕಲ್, ವಿಜಯಪುರ, ಕೊನೆಗೆ ಬೀದರ್. ಹೆಚ್ಚಿನ ಸಲ ಒಬ್ಬಳೇ. ಹೋಗುವಾಗ ಗೋಲಗುಂಬಜ್ ಎಕ್ಸ್‌ಪ್ರೆಸ್‌ನ ಸ್ಲೀಪರ್. ಸಂಜೆ ಬೆಂಗಳೂರು ಬಿಟ್ಟ ರೈಲು ಹುಬ್ಬಳ್ಳಿ, ಗದಗ ದಾಟಿ ಬೆಳಗ್ಗೆ ಬಾದಾಮಿಗೆ ತಲುಪಿಸುತ್ತದೆ. ರಾತ್ರಿಯ ರೂಮಿನ ಬಾಡಿಗೆ ಉಳಿಯಿತು ಅಂತಲೇ ಲೆಕ್ಕ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಡಿಸೆಂಬರ್ ರಜೆಗೆ ಹೋಗುವವರು ಅಕ್ಟೋಬರಿನಲ್ಲೇ ಕೂತು ಮಾಡಿಸಬೇಕು.

ರೈಲಿನ ನಂತರ ಎಲ್ಲ ಕಡೆ ಸರ್ಕಾರಿ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. ರಾಜಹಂಸ, ಎ.ಸಿ., ಸ್ಲೀಪರ್‌ಗೆ ಇಲ್ಲ. ರಾಜ್ಯದ ಗಡಿ ದಾಟುವ ಪ್ರಯಾಣಕ್ಕೂ ಇಲ್ಲ. ಈ ಯೋಜನೆ ಬಂದ ಮೇಲೆ ನನ್ನ ತಿರುಗಾಟದ ರೀತಿಯೇ ಬದಲಾಗಿದೆ. ಟಿಕೆಟ್ಟಿಗೆ ದುಡ್ಡು ಕೊಡುತ್ತಿದ್ದಾಗ ಒಂದೇ ಬಸ್ಸಿನಲ್ಲಿ ಕೊನೆಯವರೆಗೆ ಹೋಗುತ್ತಿದ್ದೆ. ಈಗ ಮನಸ್ಸು ಬಂದಲ್ಲಿ ಇಳಿದು, ನೋಡಿ, ಮುಂದಿನ ಬಸ್ಸು ಹತ್ತುತ್ತೇನೆ. ಆದರೆ ಬಸ್ಸುಗಳು ತುಂಬಿರುತ್ತವೆ, ನಿಂತೇ ಹೋಗುವ ಸಂದರ್ಭವೂ ಉಂಟು. ಬ್ಯಾಗು ಚಿಕ್ಕದಿದ್ದವಳಿಗೆ ಮಾತ್ರ ಈ ಸುಖ. ದೊಡ್ಡ ಟ್ರಾಲಿ ಎಳೆದುಕೊಂಡು ಬಂದವರನ್ನು ನೋಡಿ ಬಾಗಿಲಲ್ಲಿ ನಿಂತವರೆಲ್ಲ ನಿಟ್ಟುಸಿರು ಬಿಡುತ್ತಾರೆ.

ಬಸ್ಸಿನ ಸಮಯಕ್ಕೆ ಫೋನನ್ನು ನಂಬಿ ಕೂರಬೇಡಿ. ನಿಲ್ದಾಣದ ನಿಯಂತ್ರಕರ ಕಿಟಕಿಯಲ್ಲಿ ಕೇಳಿ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೂ ಹದಿಮೂರು ಹದಿನಾಲ್ಕು. ದೂರ ಕಡಿಮೆ, ಬಸ್ಸೂ ಕಡಿಮೆ. ಬೆಳಗಿನ ಬಸ್ಸು ಹಿಡಿದರೆ ಎರಡನ್ನೂ ಒಂದೇ ದಿನದಲ್ಲಿ ಸಾವಕಾಶವಾಗಿ ನೋಡಬಹುದು. ತಪ್ಪಿದರೆ ಟಂಟಂ, ಅಂದರೆ ಶೇರ್ ಆಟೊ, ಇದ್ದೇ ಇದೆ. ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು ಐದು ಕಿ.ಮೀ. ದೂರ, ಅಲ್ಲಿಂದಲೂ ಟಂಟಂನಲ್ಲಿ ಎಲ್ಲರ ಜೊತೆ ಒತ್ತಿಕೊಂಡು ಕೂತರೆ ಆಯಿತು.

ಇನ್ನು ಕರೆಂಟಿನ ಸಾಮಾನು. ಪವರ್ ಬ್ಯಾಂಕ್ ಕೊಳ್ಳುವವರಲ್ಲಿ ಹೆಚ್ಚಿನವರು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ನೋಡುತ್ತಾರೆ. 10,000 ಎಂಎಎಚ್ ಎಂದಿದ್ದರೆ 5,000 ಎಂಎಎಚ್ ಬ್ಯಾಟರಿಯ ಫೋನು ಎರಡು ಸಲ ತುಂಬಬೇಕಲ್ಲ ಎಂಬುದು ಅವರ ಲೆಕ್ಕ. ತುಂಬುವುದಿಲ್ಲ. ಆ ಹತ್ತು ಸಾವಿರ ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ, ಅಂದರೆ 37 ವ್ಯಾಟ್-ಅವರ್. ಅದನ್ನು 5 ವೋಲ್ಟಿಗೆ ಏರಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಫೋನಿನೊಳಗೆ ಇನ್ನೊಂದಿಷ್ಟು. ಕೊನೆಗೆ ಕೈಗೆ ಸಿಗುವುದು ಒಂದೂವರೆ ಸಲದ ಚಾರ್ಜು. ಪವರ್ ಬ್ಯಾಂಕಿನ ಬೆನ್ನ ಮೇಲೆ ಸಣ್ಣಕ್ಷರದಲ್ಲಿ ರೇಟೆಡ್ ಕೆಪಾಸಿಟಿ ಎಂದು ಬೇರೊಂದು ಅಂಕಿ ಇರುತ್ತದೆ, ಅದೇ ನಿಜವಾದದ್ದು. ಇಷ್ಟು ಗೊತ್ತಿದ್ದೂ ನಾನು 20,000ದ್ದನ್ನು ಒಯ್ಯುವುದಿಲ್ಲ. ಅದರ ತೂಕ ಹತ್ತಿರ ಹತ್ತಿರ ದುಪ್ಪಟ್ಟು. ರಾತ್ರಿ ಲಾಡ್ಜಿನಲ್ಲಿ ಚಾರ್ಜಿಗೆ ಇಟ್ಟರೆ ಮರುದಿನದ ಫೋಟೊ, ನಕ್ಷೆ, ಮನೆಗೆ ಫೋನು ಎಲ್ಲಕ್ಕೂ ಚಿಕ್ಕದೇ ಸಾಕು. ರೈಲಿನಲ್ಲಿ ಚಾರ್ಜ್ ಮಾಡಿಕೊಳ್ಳೋಣ ಎಂದುಕೊಂಡು ಹೊರಡುವವರಿಗೆ ಒಂದು ಮಾತು: ಬೆಂಕಿ ಅನಾಹುತದ ಭಯಕ್ಕೆ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಬೋಗಿಯ ಚಾರ್ಜಿಂಗ್ ಪಾಯಿಂಟಿಗೆ ಕರೆಂಟು ಬಿಡಬಾರದೆಂಬ ಸೂಚನೆ 2021ರಿಂದ ಇದೆ. ಊಟವಾಗಿ ಮಲಗುವ ಮೊದಲೇ ಆ ಕೆಲಸ ಮುಗಿಸಿಕೊಳ್ಳಿ.

ಇವಲ್ಲದೆ ಎರಡು ಕಿಂಡಿಯ ಒಂದು ಚಾರ್ಜರ್, ಎರಡು ಗಿಡ್ಡ ಕೇಬಲ್. ಹಣೆಗೆ ಕಟ್ಟುವ ಸಣ್ಣ ಟಾರ್ಚು. ಡಾರ್ಮಿಟರಿಯಲ್ಲಿ ಬೇರೆಯವರ ನಿದ್ದೆ ಕೆಡಿಸದೆ ಬ್ಯಾಗು ಹುಡುಕಲು. ಒಂದು ಬೀಗ, ತೆಳು ಚೈನು. ಬೀಗಕ್ಕೆ ಇನ್ನೊಂದು ಉಪಯೋಗವಿದೆ. ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಬೀಗ ಹಾಕದ ಬ್ಯಾಗು ತೆಗೆದುಕೊಳ್ಳುವುದಿಲ್ಲ. ನೀರು ಕಾಯಿಸುವ ಕಾಯಿಲ್ ಒಯ್ಯುವ ಗೆಳತಿಯರಿದ್ದಾರೆ, ನನಗೆ ಅದು ಬೇಡ. ಬೆಳಗ್ಗೆ ಕೇಳಿದರೆ ಆ ಕಡೆಯ ಲಾಡ್ಜುಗಳಲ್ಲಿ ಬಕೆಟ್ ಬಿಸಿನೀರು ಕೊಡುತ್ತಾರೆ. ಬಟ್ಟೆ ಎರಡು ಜೊತೆ, ಒಂದು ತೆಳು ಪಾಣಿಪಂಚೆ, ಸೋಪಿನ ತುಂಡು, ನೈಲಾನ್ ಹಗ್ಗ. ಒಣ ಹವೆಯ ಊರುಗಳು, ರಾತ್ರಿ ಒಗೆದು ಹಾಕಿದ್ದು ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ.

ನೀರಿಗೆ ಸ್ಟೀಲ್ ಬಾಟಲಿ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ನಾಣ್ಯ ಹಾಕಿದರೆ ಕ್ಯಾನು ತುಂಬುವಷ್ಟು ನೀರು ಬರುತ್ತದೆ. ನಮಗೆ ಬೇಕಿರುವುದೋ ಒಂದು ಬಾಟಲಿ! ಅಲ್ಲಿ ಕ್ಯಾನು ಹಿಡಿದು ನಿಂತವರನ್ನು ಕೇಳಿದರೆ ಯಾರೂ ಇಲ್ಲ ಅಂದಿಲ್ಲ. ಜೊತೆಗೆ ಊರಿನ ಲಾಡ್ಜು, ಖಾನಾವಳಿಗಳ ಬಗ್ಗೆ ಖರೆ ಮಾಹಿತಿ ಪುಕ್ಕಟೆ.

ಊಟದ ವಿಷಯಕ್ಕೆ ಬಂದರೆ ಆ ಕಡೆಯ ಸೀಮೆ ಬೆನ್ನುಚೀಲದವರಿಗೆಂದೇ ಅಡುಗೆ ಮಾಡಿಟ್ಟಂತಿದೆ. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಅಗಸಿ ಹಿಂಡಿ (ಹಿಂಡಿ ಎಂದರೆ ಅಲ್ಲಿ ಚಟ್ನಿಪುಡಿ) ಯಾವುದಕ್ಕೂ ಫ್ರಿಜ್ಜು ಬೇಡ. ಹತ್ತು ರೊಟ್ಟಿ, ಒಂದು ಪೊಟ್ಟಣ ಹಿಂಡಿ, ಸಂತೆಯಲ್ಲಿ ಕೊಂಡ ಎರಡು ಸವತೆಕಾಯಿ, ಒಂದು ಈರುಳ್ಳಿ. ಐಹೊಳೆಯಲ್ಲಿ ಮೇಗುಟಿ ಗುಡ್ಡ ಹತ್ತಿ, ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯನ್ನು ಹೊಗಳಿ ಕವಿ ರವಿಕೀರ್ತಿ ಬರೆದ ಕ್ರಿ.ಶ. 634ರ ಶಾಸನ ನೋಡಿಕೊಂಡು, ನೆರಳಲ್ಲಿ ಕೂತು ಉಂಡರೆ ಹೋಟೆಲಿನ ನೆನಪೇ ಬಾರದು. ನರ್ಮದೆಯ ದಾರಿ ಹಿಡಿದ ಪುಲಕೇಶಿಯ ದಂಡೂ ಇದನ್ನೇ ಕಟ್ಟಿಕೊಂಡಿತ್ತೋ ಏನೋ ಎಂದು ನನಗೆ ನಾನೇ ನಕ್ಕಿದ್ದುಂಟು. ಒಂದು ಎಚ್ಚರ: ರೊಟ್ಟಿ ಬ್ಯಾಗಿನಲ್ಲಿ ಪುಡಿಯಾಗುತ್ತದೆ. ಅಗಲ ಸ್ಟೀಲ್ ಡಬ್ಬಿ ಭಾರ. ರಟ್ಟಿನ ಎರಡು ತುಂಡುಗಳ ನಡುವೆ ಇಟ್ಟು ಬಟ್ಟೆಯಲ್ಲಿ ಕಟ್ಟಿ, ಬೆನ್ನಿಗೆ ತಾಗುವ ಕಡೆ ನಿಲ್ಲಿಸಿ ಇಡುತ್ತೇನೆ.

ಬಾದಾಮಿಯಿಂದ ಐದು ಕಿ.ಮೀ. ದೂರದ ಬನಶಂಕರಿಯಲ್ಲಿ ಮಾತ್ರ ಕಟ್ಟಿಕೊಂಡು ಹೋದದ್ದನ್ನು ಬಿಚ್ಚಬೇಡಿ. ಹೊಂಡದ ಹತ್ತಿರ, ಮರದ ನೆರಳಲ್ಲಿ ಬುಟ್ಟಿ ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. ಮನೆಯಲ್ಲಿ ಬಡಿದು ತಂದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಕೆಂಪು ಖಾರ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಕುಡಿಕೆ ಬೋರಲು ಹಿಡಿದರೂ ಮೊಸರು ಬೀಳುವುದಿಲ್ಲ ಎಂದು ತೋರಿಸಿಯೇ ಕೊಡುತ್ತಾರೆ.

“ಒಬ್ಬಾಕಿನ ಬಂದೀರೇನ್ರಿ ಅಕ್ಕಾರ?”

“ಹೌದು ಅವ್ವಾ.”

“ಹಂಗಾರ ಇನ್ನೊಂದು ರೊಟ್ಟಿ ತಗೋರಿ. ಒಬ್ಬರ ಇದ್ದಾಗ ಹಸಿವಿ ಜಾಸ್ತಿ.”

ಆ ಮಾತಿನ ತರ್ಕ ಇಂದಿಗೂ ನನಗೆ ಬಗೆಹರಿದಿಲ್ಲ, ರೊಟ್ಟಿ ಮಾತ್ರ ತಗೊಂಡೆ. ಖಾರ ಬೇಡವೆಂದರೆ ಅವರಿಗೆ ಬೇಜಾರು. ಮೊಸರಿನಲ್ಲಿ ಕಲಸಿಕೊಂಡು ತಿಂದರೆ ನಮ್ಮಂಥ ದಕ್ಷಿಣದ ನಾಲಿಗೆಗೂ ಹಿಡಿಸುತ್ತದೆ.

ಕೂಡಲಸಂಗಮದಲ್ಲಿ ದಾಸೋಹವಿದೆ, ಉಳಿಯಲು ಯಾತ್ರಿ ನಿವಾಸಗಳಿವೆ. ದಾಸೋಹದಲ್ಲಿ ಉಂಡವರು ಹುಂಡಿಗೆ ಕೈಲಾದಷ್ಟು ಹಾಕಿ ಬರುವುದು ಮರ್ಯಾದೆ. ಪುಕ್ಕಟೆ ಊಟ ಎಂದು ಪಟ್ಟಿ ಮಾಡಿಕೊಂಡು ತಿರುಗುವವರನ್ನು ಕಂಡರೆ ನನಗಾಗದು. ಉಳಿದ ಕಡೆ ಖಾನಾವಳಿ. ಲಾಡ್ಜಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಬಸ್ ನಿಲ್ದಾಣದ ಎದುರಿಗೇ ಇರಬೇಕು, ಸಂಸಾರಸ್ಥರು ಬಂದು ಉಳಿಯುವಂಥದ್ದಾಗಿರಬೇಕು, ಬಾಗಿಲ ಚಿಲಕವನ್ನು ನಾನೇ ಹಾಕಿ ನೋಡಬೇಕು. ಆಮೇಲೆ ಬಾಡಿಗೆಯ ಮಾತು.

ನೆನಪಿಗೆ ಏನು ತರಬೇಕು ಎನ್ನುವುದರಲ್ಲಿ ಬೆನ್ನುಚೀಲದವರ ಸಂಯಮ ಬಯಲಾಗುತ್ತದೆ. ಪ್ರವಾಸಿ ತಾಣದ ಬಾಗಿಲಲ್ಲಿ ಮಾರುವ ಕೀಚೈನು, ಕಲ್ಲಿನ ಗಣಪತಿ ಎಲ್ಲ ಊರಲ್ಲೂ ಒಂದೇ. ನಾನು ಆ ಊರಿನಲ್ಲಿ ಮಾಡಿದ್ದನ್ನು ಮಾತ್ರ ಕೊಳ್ಳುತ್ತೇನೆ. ಬಾದಾಮಿಯ ಹತ್ತಿರದ ಗುಳೇದಗುಡ್ಡದ ಖಣಕ್ಕಿಂತ ಹಗುರವಾದ ನೆನಪಿನ ಕಾಣಿಕೆ ನನಗೆ ಗೊತ್ತಿಲ್ಲ. ಒಂದು ಕುಪ್ಪಸಕ್ಕಾಗುವ ಬಟ್ಟೆಯನ್ನು ತ್ರಿಕೋನಾಕಾರದಲ್ಲಿ ಮಡಿಸಿ ಕೊಡುತ್ತಾರೆ, ಜೇಬಿನಲ್ಲೂ ಹಿಡಿಸುತ್ತದೆ. ಅಕ್ಕ, ಅತ್ತಿಗೆ, ಓರಗಿತ್ತಿ, ಕಚೇರಿಯ ಗೆಳತಿಯರು ಎಲ್ಲರಿಗೂ ಸೇರಿ ಕೊಂಡರೂ ಬ್ಯಾಗು ಭಾರವಾಗುವುದಿಲ್ಲ. ಇಳಕಲ್ ಸೀರೆ ಹಾಗಲ್ಲ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಆ ಕೆಲಸವನ್ನು ಮಗ್ಗದ ಮನೆಯಲ್ಲಿ ಕಣ್ಣಾರೆ ನೋಡಿದ ಮೇಲೆ ಬರಿಗೈಯಲ್ಲಿ ಹೊರಗೆ ಬರುವುದು ಕಷ್ಟ. ಕೊಳ್ಳಿ, ಆದರೆ ಹೊರಬೇಡಿ. ಅಲ್ಲಿನ ಅಂಚೆ ಕಚೇರಿಯಿಂದಲೇ ಮನೆಗೆ ಪಾರ್ಸೆಲ್ ಹಾಕಿಬಿಡಿ. ಬಟ್ಟೆಯ ಜೊತೆ ಒಗೆಯದ ಚೂಡಿದಾರವನ್ನೂ ತುರುಕಿ ಕಳಿಸಿದ್ದೇನೆ, ನಮ್ಮಮ್ಮ ಫೋನಿನಲ್ಲಿ ಬೈದರು.

ಅಂಚೆ ಕಚೇರಿಗೆ ಹೋದಾಗ ಇನ್ನೊಂದು ಕೆಲಸ. 50 ಪೈಸೆಯ ಪೋಸ್ಟ್ ಕಾರ್ಡು ಕೊಂಡು, ಅಂದು ಕಂಡದ್ದನ್ನು ನಾಲ್ಕು ಸಾಲು ಬರೆದು ನನ್ನ ವಿಳಾಸಕ್ಕೇ ಹಾಕುತ್ತೇನೆ. ಆ ಊರಿನ ಹೆಸರು, ತಾರೀಖು ಇರುವ ಮುದ್ರೆ ಬಿದ್ದು ಬರುತ್ತದೆ. ಮುದ್ರೆ ಸ್ಪಷ್ಟವಾಗಿ ಬೀಳಲಿ ಎಂದು ಕೇಳಿಕೊಂಡರೆ ಕೌಂಟರಿನವರು ಸ್ವಲ್ಪ ನಕ್ಕು, ಹೊಸದಾಗಿ ಮಸಿ ತಾಗಿಸಿ ಒತ್ತುತ್ತಾರೆ.

ವಿಜಯಪುರದಲ್ಲಿ ನಾನು ಏನೂ ಕೊಳ್ಳುವುದಿಲ್ಲ. ಗೋಲಗುಂಬಜಿನ ಬಾಗಿಲು ತೆಗೆದ ಕೂಡಲೇ ಹೋಗಿ, ಶಾಲೆಯ ಮಕ್ಕಳು ಬಂದು ಕೂಗಾಡುವ ಮೊದಲು ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೂತು ಬರುತ್ತೇನೆ. ಗೋಡೆಗೆ ಬಾಯಿಟ್ಟು ಹೇಳಿದ್ದು ಎದುರು ಬದಿಗೆ ಕೇಳುತ್ತದೆ ಎನ್ನುವುದನ್ನು ಪರೀಕ್ಷಿಸಲು ಎದುರಿಗೆ ಒಬ್ಬರು ಬೇಕಲ್ಲ, ಕಾವಲುಗಾರರೇ ಆ ಉಪಕಾರ ಮಾಡುತ್ತಾರೆ.

ಕೊನೆಯ ಊರು ಬೀದರ್ ಆಗಿರುವುದಕ್ಕೆ ಕಾರಣವೇ ಬಿದರಿ. ಸತು, ಜೊತೆಗೆ ಒಂದಿಷ್ಟು ತಾಮ್ರ ಸೇರಿಸಿ ಎರಕ ಹೊಯ್ದ ಸಾಮಾನು, ಗಾತ್ರಕ್ಕಿಂತ ತೂಕ ಜಾಸ್ತಿ. ಮೊದಲೇ ಕೊಂಡರೆ ಊರೂರಿಗೆ ಹೊರಬೇಕು. ಊರ ನಡುವಿನ ಹಳೆಯ ಕಾವಲು ಗೋಪುರ ಚೌಬಾರದ ಆಚೀಚೆಯ ಗಲ್ಲಿಗಳಲ್ಲಿ ಕೆಲಸಗಾರರು ಕೂತಲ್ಲೇ ನೋಡಬಹುದು. ಎರಕವನ್ನು ಅರದಿಂದ ಉಜ್ಜಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಚಿತ್ರ ಬರೆದದ್ದು ಕಾಣಬೇಕಲ್ಲ ಅದಕ್ಕೆ. ಉಳಿಯಿಂದ ಕೊರೆದ ಗೀರಿಗೆ ಬೆಳ್ಳಿಯ ತಂತಿ ಬಡಿದು ಕೂರಿಸಿ ಮತ್ತೆ ಉಜ್ಜಿದರೆ ಇಡೀ ಸಾಮಾನು ಒಂದೇ ಬಿಳಿ, ಬೆಳ್ಳಿ ಯಾವುದು ಸತು ಯಾವುದು ಗೊತ್ತೇ ಆಗದು. ಆಮೇಲೆ ಬೀದರ್ ಕೋಟೆಯ ಹಳೆಯ ಮಣ್ಣು, ನವಸಾಗರವೆಂಬ ಉಪ್ಪು ಕಲಸಿದ ದ್ರಾವಣಕ್ಕೆ ತಾಗಿಸಿ ಉಜ್ಜುತ್ತಾರೆ. ಸತು ಕಾಡಿಗೆಯ ಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತ ಉಳಿಯುತ್ತದೆ. ಆ ಮಣ್ಣನ್ನು ಕೆಲಸಗಾರರು ನಾಲಿಗೆಗೆ ತಾಗಿಸಿ, ರುಚಿಯಿಂದಲೇ ಒಳ್ಳೆಯದೋ ಅಲ್ಲವೋ ಹೇಳುತ್ತಾರೆ. ದೊಡ್ಡ ಹೂಜಿ ನಮ್ಮ ಬಜೆಟ್ಟಿನದಲ್ಲ. ಸಣ್ಣ ಪೆಂಡೆಂಟ್, ಕಿವಿಯೋಲೆ, ಕಾಗದ ಬಿಡಿಸುವ ಚಾಕು ಇಂಥವನ್ನು ಕೇಳಿ. ತಂತಿಯ ಕೆಲಸ ಹೆಚ್ಚಿದ್ದಷ್ಟೂ ಬೆಲೆ ಏರುತ್ತದೆ. ಮಾಡುವವರ ಕೈಯಿಂದಲೇ ಕೊಳ್ಳುವಾಗ ನಾನು ಚೌಕಾಸಿಗೆ ಇಳಿಯುವುದಿಲ್ಲ, ಬಸ್ಸಿನಲ್ಲಿ ಉಳಿದದ್ದು ಇಲ್ಲಿಗೆ ಬಂತು ಎಂದುಕೊಳ್ಳುತ್ತೇನೆ. ಮನೆಗೆ ತಂದ ಮೇಲೆ ಕಪ್ಪು ಮಾಸಿದಂತೆ ಕಂಡರೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆಯ ಬಟ್ಟೆಯಿಂದ ಒರೆಸಿ. ಹುಣಸೆಹಣ್ಣು, ಪಾತ್ರೆ ಉಜ್ಜುವ ಪೀತಾಂಬರಿ ಪುಡಿ ಹತ್ತಿರವೂ ಸುಳಿಯಬಾರದು.

ರೂಮು, ಊಟ, ಪ್ರವೇಶದ ಟಿಕೆಟ್ಟು ಸೇರಿ ದಿನಕ್ಕೆ 800 ರೂಪಾಯಿ ಆಚೀಚೆ ಆಗುತ್ತದೆ, ಖಣ ಮತ್ತು ಬಿದರಿ ಬಿಟ್ಟು. ಗಂಡಸರಾದರೆ ಬಸ್ಸಿನ ಟಿಕೆಟ್ಟನ್ನು ಸೇರಿಸಿಕೊಳ್ಳಬೇಕು. ಬೀದರಿನಿಂದ ಯಶವಂತಪುರಕ್ಕೆ ರಾತ್ರಿ ರೈಲಿದೆ. ಹೋಗುವುದಿದ್ದರೆ ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ, ಮಾರ್ಚ್ ದಾಟಿದರೆ ಬಾದಾಮಿಯ ಬಂಡೆಗಳ ಮೇಲೆ ಕಾಲಿಡಲಾಗದು. ಬನದ ಹುಣ್ಣಿಮೆಯ ಸುಮಾರಿಗೆ ಬನಶಂಕರಿ ಜಾತ್ರೆ, ರಾತ್ರಿಯಿಡೀ ನಾಟಕ. ಆಗ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ, ಬಾಗಲಕೋಟೆಯಲ್ಲಿ ಉಳಿದುಕೊಂಡು ಬಸ್ಸಿನಲ್ಲಿ ಓಡಾಡಿ.