ಅಂಗಳದ ಕ್ಯಾಮೆರಾ ರಾತ್ರಿಯಿಡೀ ರೆಕಾರ್ಡ್ ಆಗಬೇಕಾದರೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಕೊಯ್ಲು ಶುರುವಾದರೆ ಅಂಗಳಕ್ಕೆ ಕ್ಯಾಮೆರಾ ಹಾಕುವವರೂ ಹೆಚ್ಚುತ್ತಾರೆ. ಟಿವಿಯಲ್ಲಿ ಚಿತ್ರ ಬಂತೆಂದರೆ ಕೆಲಸ ಮುಗಿಯಿತು ಎಂದೇ ಬಹಳ ಜನರ ಲೆಕ್ಕ. ಅಡಿಕೆ ಚೀಲ ಕಾಣೆಯಾದ ಮರುದಿನ ಹುಡುಕಿದರೆ ಆ ರಾತ್ರಿಯ ದೃಶ್ಯವೇ ಇರುವುದಿಲ್ಲ.

ಮೊದಲು ಡಿಸ್ಕ್. ಡಿವಿಆರ್ ಅಂದರೆ ಕ್ಯಾಮೆರಾಗಳ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ. ಅದರ ಮುಚ್ಚಳ ಬಿಚ್ಚಿ, ಡಿಸ್ಕಿಗೆ ಎರಡು ಕೇಬಲ್ ಸಿಕ್ಕಿಸಿ, ಸ್ಕ್ರೂ ಬಿಗಿದು, ಮೆನುವಿನಲ್ಲಿ ಫಾರ್ಮ್ಯಾಟ್ ಮಾಡಿ. ಹಳೇ ಕಂಪ್ಯೂಟರಿನ ಡಿಸ್ಕ್ ಬೇಡವೇ ಬೇಡ. ಹಗಲೂ ರಾತ್ರಿ ರೆಕಾರ್ಡ್ ಮಾಡಲೆಂದೇ ತಯಾರಿಸಿದ ಸರ್ವೇಲನ್ಸ್ ಡಿಸ್ಕನ್ನೇ ಕೊಳ್ಳಿ. 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ವೇಗದಲ್ಲಿ ಬಿಡುವಿಲ್ಲದೆ ರೆಕಾರ್ಡ್ ಮಾಡಿದರೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 21 ಜಿಬಿ ಬೇಕು. ನಾಲ್ಕು ಕ್ಯಾಮೆರಾಕ್ಕೆ 1 ಟಿಬಿ ಡಿಸ್ಕ್ ಹನ್ನೊಂದು ದಿನ ಬರುತ್ತದೆ.

ಇನ್ನು ಕೇಬಲ್. ಕೆಡುವುದೆಲ್ಲ ಇಲ್ಲೇ. 3+1 ಕೇಬಲಿನ (ವಿಡಿಯೊಗೆ ಒಂದು ಎಳೆ, ಕರೆಂಟ್ ಮುಂತಾದವಕ್ಕೆ ಮೂರು) ವಿಡಿಯೊ ಎಳೆಯ ಮೇಲುಸಿಪ್ಪೆ ಸುಲಿದಾಗ ಹೆಣೆದ ಸಣ್ಣ ತಂತಿಗಳು, ಅವುಗಳ ಒಳಗೆ ಬಿಳಿ ಕವಚ, ಅದರ ನಡುವೆ ಒಂದು ತಂತಿ ಸಿಗುತ್ತದೆ. ನಡುವಿನದನ್ನು ಬಿಎನ್‌ಸಿ (ವಿಡಿಯೊ ಕೇಬಲಿನ ತುದಿಗೆ ಹಾಕುವ ಕನೆಕ್ಟರ್) ಪಿನ್ನಿನ ಸ್ಕ್ರೂಗೆ ಬಿಗಿಯಿರಿ. ಹೆಣಿಗೆಯನ್ನು ಪೂರ್ತಿ ಹಿಂದಕ್ಕೆ ಮಡಚಿ, ಹುರಿ ಮಾಡಿ, ಹೊರಗಿನ ಲೋಹಕ್ಕೆ ಸೇರಿಸಿ. ಕೂದಲೆಳೆಯಷ್ಟು ತಂತಿ ನಡುವಿನದಕ್ಕೆ ತಾಗಿದರೂ ಚಿತ್ರ ಹೋಗುತ್ತದೆ. ಕೈಯಲ್ಲಿ ಮೆಲ್ಲಗೆ ಎಳೆದು ನೋಡಿ. ಅಲುಗಿದರೆ ಕತ್ತರಿಸಿ ಹೊಸದಾಗಿ ಮಾಡಿ.

ಕ್ಯಾಮೆರಾ ಕಡೆಯ ಜಾಯಿಂಟಿಗೆ ಟೇಪ್ ಸುತ್ತಿ ಹಾಗೇ ಬಿಡಬೇಡಿ. ನಮ್ಮ ಮಳೆಗೆ ಟೇಪಿನ ಅಂಟು ನಿಲ್ಲುವುದಿಲ್ಲ, ಒಂದೇ ಮಳೆಗಾಲದಲ್ಲಿ ತಾಮ್ರ ಹಸಿರುಗಟ್ಟುತ್ತದೆ. ಸೂರಿನಡಿ ಪಿವಿಸಿ ಬಾಕ್ಸ್ ಹೊಡೆದು ಜಾಯಿಂಟನ್ನು ಅದರೊಳಗೆ ಕೂರಿಸಿ. ಕೇಬಲ್ ಬಾಕ್ಸಿನ ತಳದಿಂದಲೇ ಒಳಹೋಗಲಿ. ಅದಕ್ಕೂ ಮೊದಲು ಒಂದು ಗೇಣು ಕೆಳಗೆ ಜೋತುಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಹಗಲು ಚೆನ್ನಾಗಿದ್ದ ಕ್ಯಾಮೆರಾ ಕತ್ತಲಾದ ಮೇಲೆ ಆಗಾಗ ಆಫ್ ಆಗಿ ಆನ್ ಆಗುತ್ತಿದ್ದರೆ ಕ್ಯಾಮೆರಾವನ್ನು ಬೈಯಬೇಡಿ. ರಾತ್ರಿ ಕತ್ತಲಲ್ಲೂ ಕಾಣಲೆಂದು ಕ್ಯಾಮೆರಾದಲ್ಲಿರುವ ಐಆರ್ ದೀಪ ಹತ್ತಿದಾಗ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಅಡಾಪ್ಟರ್ ಕೊಡುವ 12 ವೋಲ್ಟ್ ಉದ್ದದ ತೆಳು ತಂತಿಯಲ್ಲಿ ಸಾಗಿ ಕ್ಯಾಮೆರಾ ಮುಟ್ಟುವಷ್ಟರಲ್ಲಿ ಕಡಿಮೆಯಾಗಿರುತ್ತದೆ. ತಾಮ್ರದ ಲೇಪವಷ್ಟೇ ಇರುವ ಅಲ್ಯೂಮಿನಿಯಂ ಕೇಬಲ್ ಅಗ್ಗವೆಂದು ತಂದವರಿಗೆ ಈ ಕಾಟ ಜಾಸ್ತಿ. ಅಪ್ಪಟ ತಾಮ್ರದ್ದೇ ತನ್ನಿ. ದೂರದ ಕೊಟ್ಟಿಗೆಗಾದರೆ ಅಡಾಪ್ಟರನ್ನು ಕ್ಯಾಮೆರಾ ಹತ್ತಿರವೇ ಇಡಿ, ಆದರೆ ಆ ಪ್ಲಗ್ಗಿಗೂ ಇನ್ವರ್ಟರ್ ಲೈನ್ ಇರಬೇಕು. ಡಿವಿಆರ್ ಮಾತ್ರ ಇನ್ವರ್ಟರ್‌ನಲ್ಲಿದ್ದರೆ ಕರೆಂಟು ಹೋದಾಗ ಅದು ಖಾಲಿ ಪರದೆಯನ್ನಷ್ಟೇ ಕಾಯುತ್ತಿರುತ್ತದೆ.

ಮೆನುವಿನ ರೆಕಾರ್ಡ್ ಶೆಡ್ಯೂಲಿನಲ್ಲಿ ಏಳೂ ದಿನ, 24 ಗಂಟೆಯೂ ಕಂಟಿನ್ಯುಯಸ್ ಆಯ್ಕೆ ಮಾಡಿ. ಕೆಲವು ಡಿವಿಆರ್‌ಗಳಲ್ಲಿ ಇದಕ್ಕೆ ನಾರ್ಮಲ್ ಅಥವಾ ರೆಗ್ಯುಲರ್ ಎಂದಿರುತ್ತದೆ. ಜಾಗ ಉಳಿಯಲೆಂದು ಮೋಷನ್ (ಚಲನೆ ಕಂಡಾಗ ಮಾತ್ರ ರೆಕಾರ್ಡ್) ಇಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮಳೆ, ಸೋಗೆ, ಲೆನ್ಸಿನ ಮುಂದಿನ ಜೇಡ ಎಲ್ಲವೂ ಅದಕ್ಕೆ ಚಲನೆಯೇ, ದೂರದಲ್ಲಿ ಮೆಲ್ಲಗೆ ಸರಿಯುವ ಮನುಷ್ಯ ಮಾತ್ರ ತಪ್ಪಿಹೋಗಬಹುದು. ಡಿಸ್ಕ್ ತುಂಬಿದಾಗ ಹಳೆಯದರ ಮೇಲೆ ಹೊಸದು ಬರೆಯುವ ಓವರ್‌ರೈಟ್ ಆನ್ ಇರಲಿ, ಗಡಿಯಾರ ಸರಿಯಿರಲಿ.

ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆಗೆ ಬಿಎನ್‌ಸಿಗಳನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಹೊರಗಿನ ಕೇಬಲಿನಿಂದಲೂ ಒಳಬರುತ್ತದೆ. ಗುಡುಗು ಕೇಳಿಸಿದ ಮೇಲೆ ಅವಕ್ಕೆ ಕೈ ಹಾಕಬೇಡಿ.

ಮರುದಿನ ಬೆಳಿಗ್ಗೆ ಪ್ಲೇಬ್ಯಾಕ್ ತೆರೆದು ರಾತ್ರಿ ಎರಡು ಗಂಟೆಯ ದೃಶ್ಯವನ್ನು ಒಂದೊಂದೇ ಕ್ಯಾಮೆರಾದಲ್ಲಿ ಓಡಿಸಿ ನೋಡಿ. ಬೇಕಾದ ದೃಶ್ಯವಿದ್ದರೆ ಅವತ್ತೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹನ್ನೆರಡನೇ ದಿನಕ್ಕೆ ಅದರ ಮೇಲೆ ಹೊಸದು ಕೂತಿರುತ್ತದೆ.