ಜಿಂಕೆ ಬೆದೆಗೆ ಬರೋದು ಹುಣ್ಣಿಮೆಗಾ, ಚಳಿಗಾ? ನಾನು ಕ್ಯಾಮೆರಾ ಕಟ್ಟಿ ನೋಡಿದ್ದು

ನಾವಿರೋದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಮನೆ ಹಿಂದೇನೇ ಓಕ್ ಮರದ ಕಾಡು, ವೈಟ್‌ಟೇಲ್ ಜಿಂಕೆಗಳು ಹಿತ್ತಲಿಗೇ ಬಂದು ಹೋಗ್ತಾವೆ. ಅವು ಬೆದೆಗೆ ಬರೋ ಕಾಲಕ್ಕೆ ಇಲ್ಲಿ ರಟ್ ಅಂತಾರೆ. ಪಕ್ಕದ ಮನೆ ಅಜ್ಜ ಹಳೇ ಬೇಟೆಗಾರರು, ಸೆಪ್ಟೆಂಬರಲ್ಲಿ ಹಗಲು ರಾತ್ರಿ ಸಮ ಆಗುತ್ತಲ್ಲ, ಆಮೇಲೆ ಎರಡನೇ ಹುಣ್ಣಿಮೆ ಬಂದ್ರೆ ರಟ್ ಶುರು ಅಂತ ಅವ್ರ ನಂಬಿಕೆ. ಇನ್ನು ಕೆಲವರು ಚಳಿ ಬಿದ್ರೇನೇ ಅಂತಾರೆ. ನಾನು ಹಾಸನದ ಕಡೆ ಹಸು ಮೇಯಿಸ್ಕೊಂಡು ಬೆಳೆದೋನು, ಬೆದೆ ಲೆಕ್ಕ ನಂಗೆ ಹೊಸದಲ್ಲ, ನೋಡೇಬಿಡೋಣ ಅಂತ 2022ರ ಆಗಸ್ಟಲ್ಲಿ ಮೂರು ಟ್ರೇಲ್ ಕ್ಯಾಮೆರಾ (ಪ್ರಾಣಿ ಮುಂದೆ ಹಾದ್ರೆ ತಾನೇ ಫೋಟೋ ತೆಗೆಯೋವು) ತಂದು ಮರಕ್ಕೆ ಕಟ್ಟಿದೆ.

ಸೆಪ್ಟೆಂಬರ್ ಶುರುವಲ್ಲಿ ಗಂಡುಗಳ ಕೊಂಬಿನ ಮೇಲಿನ ವೆಲ್ವೆಟ್, ಅಂದ್ರೆ ಮಖಮಲ್ಲಿನಂಥ ಚರ್ಮ, ಸುಲಿದು ಚಿಂದಿಚಿಂದಿಯಾಗಿ ನೇತಾಡ್ತಿತ್ತು. ಅಕ್ಟೋಬರಲ್ಲಿ ಒಂದು ಗಂಡು ತಗ್ಗಿದ್ದ ಕೊಂಬೆ ಕೆಳಗೆ ಗೊರಸಲ್ಲಿ ಎಲೆ ಎಲ್ಲಾ ಕೆದರಿ ಬರೀ ಮಣ್ಣು ಕಾಣೋ ಹಂಗೆ ಮಾಡಿ, ಕೊಂಬೆ ತುದಿ ಬಾಯಲ್ಲಿ ಕಚ್ಚಿ, ಕಣ್ಣಿನ ಮೂಲೇಲಿರೋ ಗ್ರಂಥೀನ ಅದಕ್ಕೆ ಉಜ್ತಿತ್ತು. ಇದನ್ನ ಸ್ಕ್ರೇಪ್ ಅಂತಾರೆ. ಕ್ಯಾಮೆರಾ ಕಟ್ಟೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಆ ವರ್ಷ ನವೆಂಬರ್ ಮೊದಲ ವಾರ ಇಲ್ಲಿ ವಿಪರೀತ ಸೆಕೆ. ಹಗಲಿನ ಫೋಟೋದಲ್ಲಿ ಗಂಡುಗಳೇ ಇಲ್ಲ. ಈ ಸಲ ರಟ್ ಲೇಟು, ಚಳಿ ಅಂದೋರೇ ಸರಿ ಅಂತ ಡೈರೀಲಿ ಬರೆದೂಬಿಟ್ಟೆ. ತಪ್ಪಾಗಿದ್ದು ಅಲ್ಲೇ, ನಾನು ಹಗಲಿನ ಫೋಟೋ ಮಾತ್ರ ನೋಡ್ತಿದ್ದೆ. ಆಮೇಲೆ ಕೂತು ರಾತ್ರಿ ಎರಡು ಮೂರು ಗಂಟೆದೆಲ್ಲಾ ತೆಗೆದು ನೋಡಿದ್ರೆ ಗಂಡುಗಳು ಮೂಗು ನೆಲಕ್ಕೆ ಹಚ್ಕೊಂಡು ಹೆಣ್ಣುಗಳ ಹಿಂದೆ ಓಡ್ತಾನೇ ಇದ್ವು. ಸೆಕೆಗೆ ಓಡಾಟ ರಾತ್ರಿಗೆ ಹೋಗಿತ್ತು ಅಷ್ಟೇ, ಬೆದೆ ಮುಂದಕ್ಕೆ ಹೋಗಿರಲಿಲ್ಲ.

ನಿಜವಾದ ಲೆಕ್ಕ ಸಿಕ್ಕಿದ್ದು ಮರಿಯಿಂದ. 2023ರ ಮೇ 31ಕ್ಕೆ ಬೇಲಿ ಪಕ್ಕದ ಜರಿಗಿಡದ ಮಧ್ಯೆ ಆಗಷ್ಟೇ ಹುಟ್ಟಿದ ಮರಿ, ಮೈ ಇನ್ನೂ ಒದ್ದೆ, ಎದ್ದು ನಿಲ್ಲೋಕೆ ಹೋಗಿ ಕಾಲು ನಡುಗಿ ಕೂತ್ಬಿಡ್ತಿತ್ತು. ಮುಟ್ಟದೆ ದೂರ ಬಂದೆ. ಜಿಂಕೆ ಗರ್ಭ ಸುಮಾರು 200 ದಿನ, ಹಿಂದಕ್ಕೆ ಎಣಿಸಿದ್ರೆ ನವೆಂಬರ್ 12. ಆ ವರ್ಷ ಅಜ್ಜ ಹೇಳೋ ಎರಡನೇ ಹುಣ್ಣಿಮೆ ನವೆಂಬರ್ 8ಕ್ಕಿತ್ತು, ಸರಿ ಹೋಯ್ತಲ್ಲ ಅನ್ನಿಸ್ತು. ಆದ್ರೆ 2023ರಲ್ಲಿ ಅದೇ ಎರಡನೇ ಹುಣ್ಣಿಮೆ ಅಕ್ಟೋಬರ್ 28ಕ್ಕೇ ಬಂತು, ಅಂದ್ರೆ ರಟ್ಟೂ ಹನ್ನೊಂದು ದಿನ ಮೊದಲೇ ಆಗ್ಬೇಕಿತ್ತು. ಮುಂದಿನ ಮರಿ ಕಂಡಿದ್ದು 2024ರ ಜೂನ್ 1ಕ್ಕೆ, ಎಣಿಸಿದ್ರೆ ನವೆಂಬರ್ 14! ಎರಡು ಮರಿ ಸಾಕ್ಷಿ ಸಾಲಲ್ಲ ನಿಜ, ಆದ್ರೆ ಇಲ್ಲಿನ ಕಾಡುಪ್ರಾಣಿ ನೋಡ್ಕೊಳ್ಳೋ ಸರ್ಕಾರಿ ಇಲಾಖೆ ಪೆನ್ಸಿಲ್ವೇನಿಯಾ ಗೇಮ್ ಕಮಿಷನ್ನೋರು ರಸ್ತೇಲಿ ಗಾಡಿಗೆ ಸಿಕ್ಕಿ ಸತ್ತ ಹೆಣ್ಣುಗಳ ಭ್ರೂಣ ಅಳತೆ ಮಾಡಿ ಹೇಳೋದೂ ನವೆಂಬರ್ ಮಧ್ಯಾನೇ.

ಇದನ್ನ ನಡೆಸೋದು ಬೆಳಕು. ಇಲ್ಲಿ ಜೂನಲ್ಲಿ ಹಗಲು ಹದಿನೈದು ಗಂಟೆ, ಡಿಸೆಂಬರಲ್ಲಿ ಒಂಬತ್ತು ಚಿಲ್ಲರೆ. ಹಗಲು ಕಮ್ಮಿ ಆದಂಗೆ ಮಿದುಳಲ್ಲಿ ಮೆಲಟೋನಿನ್ ಜಾಸ್ತಿ ಹೊತ್ತು ಬರುತ್ತೆ, ಅದು ಉಳಿದ ಹಾರ್ಮೋನ್‌ಗಳನ್ನ ಎಬ್ಬಿಸುತ್ತೆ. ಈ ಕಾಡಲ್ಲಿ ಮಾರ್ಚಲ್ಲಿ ಹುಟ್ಟಿದ ಮರಿಗೆ ಚಳಿ, ಆಗಸ್ಟಲ್ಲಿ ಹುಟ್ಟಿದ್ದಕ್ಕೆ ಹಿಮ ಬೀಳೋದ್ರೊಳಗೆ ಬೆಳೆಯೋಕೆ ಟೈಮಿಲ್ಲ, ಅದಕ್ಕೇ ಈ ಶಿಸ್ತು. ಚಳಿ ಕಮ್ಮಿ ಇರೋ ದಕ್ಷಿಣದಲ್ಲಿ ಇಷ್ಟು ಬಿಗಿ ಇಲ್ಲ, ದಕ್ಷಿಣ ಫ್ಲೋರಿಡಾದಲ್ಲಿ ಜುಲೈ ಆಗಸ್ಟಿಗೇ ಬೆದೆ, ಅಲಬಾಮಾದಲ್ಲಿ ಎಷ್ಟೋ ಕಡೆ ಜನವರಿ.

ಹಸುಗೆ ಗಬ್ಬ ನಿಲ್ಲದಿದ್ರೆ 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತಲ್ಲ, ಇವುಕ್ಕೆ ಸುಮಾರು 28 ದಿನ. ಅದಕ್ಕೆ ಡಿಸೆಂಬರಲ್ಲೂ ಕ್ಯಾಮೆರಾ ಬಿಚ್ಚಲ್ಲ ನಾನು, ಚೆನ್ನಾಗಿ ಬೆಳೆದ ಆ ವರ್ಷದ ಹೆಣ್ಣುಮರಿಗಳೂ ಆಗ್ಲೇ ಬೆದೆಗೆ ಬರೋದು.

ನವೆಂಬರ್ ಎರಡನೇ ವಾರ ಬಂತು ಅಂದ್ರೆ ಸಂಜೆ ಕಾರು ನಿಧಾನವಾಗೇ ಓಡಿಸ್ತೀನಿ. ಹೆಣ್ಣು ರಸ್ತೆ ದಾಟಿ ಹೋಯ್ತು ಅಂತ ಗಾಡಿ ಬಿಡಬೇಡಿ, ಒಂದು ನಿಮಿಷ ನಿಲ್ಲಿ. ಹಿಂದೇನೇ ಗಂಡು ನೆಲ ಮೂಸ್ತಾ ಬರ್ತಿರುತ್ತೆ, ತಲೆ ಎತ್ತಿ ನೋಡಲ್ಲ ಅದು.